ಸೂರಿಲ್ಲದವರ ಜನರಲ್: ವಿಲಿಯಂ ಬೂತ್ ನಡೆದ ಹಾದಿ

1887ರ ಕೊನೆಯ ತಿಂಗಳುಗಳ ಒಂದು ರಾತ್ರಿ. ಊರಾಚೆಯ ಸಭೆಯೊಂದನ್ನು ಮುಗಿಸಿಕೊಂಡು ತಡವಾಗಿ ಮನೆಗೆ ಮರಳುತ್ತಿದ್ದ ವಿಲಿಯಂ ಬೂತ್ ಅವರು ಲಂಡನ್ ಸೇತುವೆಯನ್ನು ದಾಟುತ್ತಿದ್ದರು. ಥೇಮ್ಸ್ ನದಿಯ ಮೇಲಿಂದ ಬೀಸುವ ಚಳಿಗಾಳಿಗೆ ಮೈಯೊಡ್ಡಿ, ಸೇತುವೆಯ ಆಸುಪಾಸಿನಲ್ಲಿ ಹಲವು ಗಂಡಸರು ಮುದುಡಿ ಮಲಗಿದ್ದರು. ಕೆಲವರಿಗೆ ಹಳೆಯ ಪತ್ರಿಕೆಯ ಹಾಳೆಗಳೇ ಹೊದಿಕೆ. ಆಗ ಬೂತ್ ಅವರಿಗೆ 58 ವರ್ಷ. ಬಡವರ ಬೀದಿಗಳಲ್ಲಿ ಕ್ರೈಸ್ತ ಸುವಾರ್ತೆ ಸಾರುವುದನ್ನೇ ಬದುಕಾಗಿಸಿಕೊಂಡು ನಾಲ್ಕು ದಶಕಗಳು ಕಳೆದಿದ್ದವು. ಆದರೂ ಆ ನೋಟ ಅವರನ್ನು ನಿದ್ದೆಗೆಡಿಸಿತು.

ಮರುದಿನ ಬೆಳಗ್ಗೆ ಹಿರಿಯ ಮಗ ಬ್ರ್ಯಾಂವೆಲ್ ಅವರನ್ನು ಕಂಡೊಡನೆ ಬೂತ್ ಮೊದಲು ಕೇಳಿದ್ದು ಆ ಜನರ ವಿಷಯವನ್ನೇ. ಜನ ಹೀಗೆ ಬಯಲಲ್ಲಿ ಮಲಗುವುದು ಬ್ರ್ಯಾಂವೆಲ್ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಮಾಡದೆ ಉಳಿದದ್ದೇಕೆ ಎಂಬ ತಂದೆಯ ಪ್ರಶ್ನೆಗೆ ಅವರಲ್ಲಿ ಸಮರ್ಪಕ ಉತ್ತರವಿರಲಿಲ್ಲ. ಒಂದು ಹಳೆಯ ಗೋದಾಮನ್ನಾದರೂ ಹಿಡಿದು, ಅದನ್ನು ಬೆಚ್ಚಗಾಗಿಸಿ, ಆ ಜನರಿಗೊಂದು ಆಸರೆ ಮಾಡಬೇಕೆಂದು ಬೂತ್ ಅಪ್ಪಣೆ ಕೊಡಿಸಿದರು. ಮುಂದೆ ಜಗತ್ತಿನ ನೂರಾರು ನಗರಗಳಲ್ಲಿ ತೆರೆದ ರಾತ್ರಿ ತಂಗುದಾಣಗಳಿಗೆ ಮೂಲವಾದದ್ದು ತಂದೆ-ಮಗನ ಈ ಮಾತುಕತೆ.

ಗಿರವಿ ಅಂಗಡಿಯ ಹುಡುಗ

ವಿಲಿಯಂ ಬೂತ್ ಹುಟ್ಟಿದ್ದು 1829ರ ಏಪ್ರಿಲ್ 10ರಂದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ನಗರಕ್ಕೆ ಹೊಂದಿಕೊಂಡ ಸ್ನೆಂಟನ್ ಎಂಬಲ್ಲಿ. ತಂದೆ ಸ್ಯಾಮ್ಯುಯೆಲ್ ಒಂದು ಕಾಲಕ್ಕೆ ಅನುಕೂಲಸ್ಥರಾಗಿದ್ದವರು, ವ್ಯವಹಾರದಲ್ಲಿ ಕೈಸುಟ್ಟುಕೊಂಡು ಬಡವರಾದರು. ಹದಿಮೂರನೇ ವಯಸ್ಸಿಗೆ ಮಗನ ಶಾಲೆ ನಿಂತಿತು. ಗಿರವಿ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಅವನನ್ನು ಸೇರಿಸಲಾಯಿತು. ಸ್ವಲ್ಪ ಕಾಲದಲ್ಲೇ ತಂದೆ ತೀರಿಕೊಂಡರು.

ಬಡತನವೆಂದರೇನು ಎಂಬುದನ್ನು ಆ ಹುಡುಗ ಕಲಿತದ್ದು ಗಿರವಿ ಅಂಗಡಿಯ ಗಲ್ಲಾದ ಹಿಂದೆ ನಿಂತು. ವಾರದ ಕೂಲಿ ಮುಗಿದೊಡನೆ ಹೆಂಗಸರು ಹೊದಿಕೆ, ಪಾತ್ರೆ, ಗಂಡನ ಕೋಟು, ಕೊನೆಗೆ ಮದುವೆಯ ಉಂಗುರವನ್ನೂ ತಂದು ಒತ್ತೆಯಿಡುತ್ತಿದ್ದರು. ಬಿಡಿಸಿಕೊಳ್ಳಲಾಗದೆ ಉಳಿದ ವಸ್ತುಗಳು ಅಂಗಡಿಯಲ್ಲಿ ರಾಶಿ ಬೀಳುತ್ತಿದ್ದವು. ಆ ಕಸುಬನ್ನು ಬೂತ್ ಕೊನೆಯವರೆಗೂ ದ್ವೇಷಿಸಿದರು. ಆದರೆ ಜೀವ ಹಿಡಿದುಕೊಳ್ಳಲು ಬೇರೆ ದಾರಿ ಇರಲಿಲ್ಲವಾದ್ದರಿಂದ ಹಲವು ವರ್ಷ ಅದರಲ್ಲೇ ದುಡಿಯಬೇಕಾಯಿತು.

1844ರಲ್ಲಿ, ಹದಿನೈದರ ವಯಸ್ಸಿನಲ್ಲಿ, ನಾಟಿಂಗ್‌ಹ್ಯಾಂನ ಮೆಥಡಿಸ್ಟ್ ಚರ್ಚಿನ ಪ್ರಭಾವದಿಂದ ಅವರ ಮನಪರಿವರ್ತನೆಯಾಯಿತು. ಗೆಳೆಯ ವಿಲ್ ಸ್ಯಾನ್ಸಂ ಜತೆಗೂಡಿ ದಿನದ ಕೆಲಸ ಮುಗಿದ ಮೇಲೆ ಬಡವರ ಕೇರಿಗಳ ಮೂಲೆಯಲ್ಲಿ ಕುರ್ಚಿ ಹಾಕಿ ನಿಂತು ಬೋಧಿಸತೊಡಗಿದರು. ಒಂದು ಭಾನುವಾರ ಕೇರಿಯ ಹರುಕು ಬಟ್ಟೆಯ ಹುಡುಗರನ್ನು ಕರೆದುಕೊಂಡು ಹೋಗಿ ಚರ್ಚಿನ ಮುಂದಿನ ಆಸನಗಳಲ್ಲಿ ಕೂರಿಸಿದಾಗ ಹಿರಿಯರು ಮುಖ ಗಂಟಿಕ್ಕಿದರು. ಇನ್ನು ಮುಂದೆ ಅಂಥವರನ್ನು ಹಿಂಬಾಗಿಲಿನಿಂದ ಕರೆತಂದು, ಯಾರಿಗೂ ಕಾಣದ ಕಡೆ ಕೂರಿಸಬೇಕೆಂಬ ಸೂಚನೆ ಬಂತು. ದೇವರ ಮನೆಗೂ ಹಿಂಬಾಗಿಲು ಇದೆಯೆಂಬುದು ಹುಡುಗನ ಮನಸ್ಸಿನಲ್ಲಿ ಆಳವಾಗಿ ಕುಳಿತ ಪಾಠ.

ಪೀಠ ತೊರೆದ ಬೋಧಕ

1849ರಲ್ಲಿ ಬೂತ್ ಕೆಲಸ ಅರಸಿ ಲಂಡನ್ನಿಗೆ ಬಂದರು. ಅಲ್ಲೂ ಸಿಕ್ಕಿದ್ದು ಗಿರವಿ ಅಂಗಡಿಯ ನೌಕರಿಯೇ. 1852ರಲ್ಲಿ ಬೂಟು ತಯಾರಿಕೆಯ ಉದ್ಯಮಿ ಎಡ್ವರ್ಡ್ ರ‍್ಯಾಬಿಟ್ಸ್ ಅವರ ನೆರವಿನಿಂದ ಆ ನೌಕರಿಯನ್ನು ಬಿಟ್ಟು ಪೂರ್ಣಾವಧಿ ಬೋಧಕರಾದರು. ಅದೇ ವರ್ಷ ಕ್ಯಾಥರೀನ್ ಮಂಫರ್ಡ್ ಅವರ ಪರಿಚಯವಾಯಿತು. 1855ರ ಜೂನ್ 16ರಂದು ಇಬ್ಬರೂ ವಿವಾಹವಾದರು.

ಕ್ಯಾಥರೀನ್ ಕೇವಲ ಗೃಹಿಣಿಯಾಗಿ ಉಳಿದವರಲ್ಲ. ಹೆಣ್ಣು ಧರ್ಮಬೋಧನೆ ಮಾಡಬಾರದೆಂಬ ಅಂದಿನ ನಂಬಿಕೆಯನ್ನು ಪ್ರಶ್ನಿಸಿ 1859ರಲ್ಲೇ ಕಿರುಹೊತ್ತಗೆ ಬರೆದವರು. ಮರುವರ್ಷ ಗೇಟ್ಸ್‌ಹೆಡ್‌ನ ಚರ್ಚಿನಲ್ಲಿ ಗಂಡನ ಎದುರೇ ಎದ್ದು ನಿಂತು ಮಾತನಾಡಿದರು. ವಾಕ್ಪಟುತ್ವದಲ್ಲಿ ಅವರು ಗಂಡನನ್ನು ಮೀರಿಸುತ್ತಿದ್ದರೆಂದು ಕೇಳಿದವರು ದಾಖಲಿಸಿದ್ದಾರೆ.

1858ರಲ್ಲಿ ಮೆಥಡಿಸ್ಟ್ ನ್ಯೂ ಕನೆಕ್ಷನ್ ಪಂಥದಲ್ಲಿ ಬೂತ್ ಅವರಿಗೆ ಪಾದ್ರಿ ದೀಕ್ಷೆಯಾಗಿತ್ತು. ಆದರೆ ಒಂದೇ ಚರ್ಚಿಗೆ ಅಂಟಿಕೊಂಡು ಕೂರುವುದು ಅವರ ಜಾಯಮಾನವಲ್ಲ. ಊರೂರು ತಿರುಗಿ ಬೋಧಿಸಲು ಅನುಮತಿ ಬೇಡಿದರು. ಪಂಥದ ಸಮ್ಮೇಳನ ನಿರಾಕರಿಸಿತು. 1861ರಲ್ಲಿ, ಕೈಯಲ್ಲಿ ಉಳಿತಾಯವಿಲ್ಲದೆ, ನಾಲ್ಕು ಎಳೆಯ ಮಕ್ಕಳಿರುವಾಗ, ಬೂತ್ ದಂಪತಿ ಪೀಠವನ್ನು ತೊರೆದು ಹೊರಬಿದ್ದರು. ಮುಂದಿನ ನಾಲ್ಕು ವರ್ಷ ಕಾರ್ನ್‌ವಾಲ್, ವೇಲ್ಸ್ ಮತ್ತು ಮಧ್ಯ ಇಂಗ್ಲೆಂಡಿನ ಊರುಗಳಲ್ಲಿ ಅಲೆದಾಟವೇ ಸಂಸಾರವಾಯಿತು.

ಹೆಂಡದಂಗಡಿಯ ಎದುರು

1865ರಲ್ಲಿ ಕ್ಯಾಥರೀನ್ ಅವರಿಗೆ ಲಂಡನ್ನಿನಲ್ಲಿ ಬೋಧಿಸಲು ಆಹ್ವಾನ ಬಂದು ಕುಟುಂಬ ಅಲ್ಲಿಗೆ ಬಂತು. ಪೂರ್ವ ಲಂಡನ್ ಆಗ ಹಡಗುಕಟ್ಟೆಯ ಕೂಲಿಗಳ, ಬೆಂಕಿಪೆಟ್ಟಿಗೆ ಕಾರ್ಖಾನೆಯ ಹೆಂಗಸರ, ಕೆಲಸವಿಲ್ಲದವರ ಮತ್ತು ವಲಸಿಗರ ಕಿಕ್ಕಿರಿದ ವಸತಿ. ಅಲ್ಲಿನ ವೈಟ್‌ಚಾಪೆಲ್ ರಸ್ತೆಯಲ್ಲಿ ‘ಬ್ಲೈಂಡ್ ಬೆಗ್ಗರ್’, ಅಂದರೆ ಕುರುಡು ಭಿಕ್ಷುಕ ಎಂಬ ಹೆಸರಿನ ಹೆಂಡದಂಗಡಿಯಿತ್ತು. ಅದರ ಹೊರಗೆ ಬಯಲಿನಲ್ಲಿ ನಿಂತು ಬೋಧಿಸಿದ ಬೂತ್ ಅವರನ್ನು ಸ್ಥಳೀಯ ಧರ್ಮಪ್ರಚಾರಕರು ಗುರುತಿಸಿದರು. ಹತ್ತಿರದ ಹಳೆಯ ಸ್ಮಶಾನದ ಜಾಗದಲ್ಲಿ ಹಾಕಿದ್ದ ಗುಡಾರದಲ್ಲಿ ಸಭೆ ನಡೆಸುವ ಹೊಣೆ ಅವರಿಗೆ ಬಂತು. ಅದೇ ಮುಂದೆ ಕ್ರಿಶ್ಚಿಯನ್ ಮಿಷನ್ ಎಂಬ ಸಂಸ್ಥೆಯಾಯಿತು.

ಹಸಿದ ಹೊಟ್ಟೆಗೆ ಉಪದೇಶ ಇಳಿಯದೆಂಬುದು ಬೂತ್ ಅವರಿಗೆ ಆಗಲೇ ಅರಿವಿಗೆ ಬಂದಿತ್ತು. 1870ರಲ್ಲಿ ಅಗ್ಗದ ದರಕ್ಕೆ ಗಂಜಿ-ಊಟ ಕೊಡುವ ಅಂಗಡಿಗಳನ್ನು ತೆರೆದರು. ಅವುಗಳ ಉಸ್ತುವಾರಿ ಹದಿಹರೆಯದ ಬ್ರ್ಯಾಂವೆಲ್ ಅವರ ಹೆಗಲೇರಿತು. ಲೆಕ್ಕ ಕೂಡಿ ಬರಲಿಲ್ಲ. 1874ರ ಹೊತ್ತಿಗೆ ಅಂಗಡಿಗಳು ಮುಚ್ಚಿದವು. ಆತ್ಮದ ಕೆಲಸವೇ ತಮ್ಮ ಕೆಲಸ, ಅನ್ನದ ಕೆಲಸ ಬೇರೆಯವರದು ಎಂದು ಬೂತ್ ಅಲ್ಲಿಂದ ಮುಂದೆ ಬಹುಕಾಲ ನಂಬಿದರು. ಹದಿಮೂರು ವರ್ಷಗಳ ಬಳಿಕ ಲಂಡನ್ ಸೇತುವೆಯ ಮೇಲೆ ಅಲುಗಾಡಿದ್ದು ಈ ನಂಬಿಕೆಯೇ.

ಕಲ್ಲೇಟಿನ ದಿನಗಳು

1878ರಲ್ಲಿ ಸಂಸ್ಥೆ ಹೊಸ ಹೆಸರು ಪಡೆಯಿತು. ಮಿಷನ್ ಎಂದರೆ ಸ್ವಯಂಸೇವಕರ ಸೇನೆ ಎಂಬ ಅರ್ಥದ ವಾಕ್ಯವೊಂದು ವರದಿಯ ಕರಡಿನಲ್ಲಿತ್ತು. ಅದು ಬ್ರ್ಯಾಂವೆಲ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಬೂತ್ ಲೇಖನಿ ಹಿಡಿದು ‘ಸ್ವಯಂಸೇವಕ’ ಎಂಬ ಪದವನ್ನು ಹೊಡೆದುಹಾಕಿ ‘ರಕ್ಷಣೆ’ ಎಂಬ ಅರ್ಥದ ‘ಸಾಲ್ವೇಷನ್’ ಎಂದು ಬರೆದರು. ಹೀಗೆ ಸಾಲ್ವೇಷನ್ ಆರ್ಮಿ ಹುಟ್ಟಿತು. ಬೂತ್ ಜನರಲ್ ಆದರು, ಬೋಧಕರು ಕ್ಯಾಪ್ಟನ್‌ಗಳಾದರು, ಸಮವಸ್ತ್ರ, ಬಾವುಟ, ಹಿತ್ತಾಳೆಯ ವಾದ್ಯವೃಂದ ಬಂದವು. 1879ರ ಕೊನೆಯಲ್ಲಿ ‘ವಾರ್ ಕ್ರೈ’ ಪತ್ರಿಕೆ ಶುರುವಾಯಿತು. ಹೆಂಗಸರಿಗೂ ಗಂಡಸರಷ್ಟೇ ಅಧಿಕಾರದ ಹುದ್ದೆಗಳು ಸಿಕ್ಕವು. ಆ ಕಾಲಕ್ಕೆ ಇದು ಸಣ್ಣ ಸಂಗತಿಯಲ್ಲ.

ಬೀದಿ ಮೆರವಣಿಗೆಗಳು ಹೆಂಡದ ವ್ಯಾಪಾರಿಗಳನ್ನು ಕೆರಳಿಸಿದವು. ಹಲವು ಊರುಗಳಲ್ಲಿ ‘ಅಸ್ಥಿಪಂಜರ ಸೇನೆ’ ಎಂಬ ಹೆಸರಿನ ಪುಂಡರ ಗುಂಪುಗಳು ಹುಟ್ಟಿಕೊಂಡು ಕಲ್ಲು, ಕೊಳೆತ ತರಕಾರಿ, ಸತ್ತ ಇಲಿಗಳನ್ನು ಎಸೆದವು. 1882ರ ಒಂದೇ ವರ್ಷದಲ್ಲಿ 669 ಮಂದಿ ಕಾರ್ಯಕರ್ತರ ಮೇಲೆ ಹಲ್ಲೆಯಾಯಿತೆಂಬುದು ಸಂಸ್ಥೆಯ ಲೆಕ್ಕ. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಪೊಲೀಸರು ಅನೇಕ ಕಡೆ ಹೊಡೆದವರನ್ನು ಬಿಟ್ಟು ಹೊಡೆಸಿಕೊಂಡವರನ್ನೇ ಹಿಡಿದರು.

ವೆಸ್ಟನ್-ಸೂಪರ್-ಮೇರ್ ಎಂಬ ಕರಾವಳಿ ಪಟ್ಟಣದ ಇಂತಹ ಒಂದು ಪ್ರಕರಣ 1882ರಲ್ಲಿ ಮೇಲಿನ ನ್ಯಾಯಾಲಯಕ್ಕೆ ಹೋಯಿತು. ಕಾನೂನುಬದ್ಧವಾಗಿ ಮೆರವಣಿಗೆ ಹೊರಟವರನ್ನು, ಅದನ್ನು ಕಂಡು ಬೇರೆಯವರು ಗಲಭೆ ಮಾಡಿಯಾರೆಂಬ ಕಾರಣಕ್ಕೆ ಅಪರಾಧಿಗಳೆನ್ನಲಾಗದು ಎಂದು ನ್ಯಾಯಾಲಯ ತೀರ್ಪಿತ್ತಿತು. ಬೀಟಿ ವಿರುದ್ಧ ಗಿಲ್‌ಬ್ಯಾಂಕ್ಸ್ ಎಂಬ ಈ ಮೊಕದ್ದಮೆಯನ್ನು ಸಭೆ ಸೇರುವ ಹಕ್ಕಿನ ಚರ್ಚೆಯಲ್ಲಿ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ನಾಲ್ಕು ಪೆನ್ನಿಯ ಆಸರೆ

ಸೇತುವೆಯ ಆ ರಾತ್ರಿ ಕಳೆದು ಕೆಲವೇ ತಿಂಗಳಲ್ಲಿ, 1888ರ ಫೆಬ್ರವರಿಯಲ್ಲಿ, ಲೈಮ್‌ಹೌಸ್ ಪ್ರದೇಶದ ವೆಸ್ಟ್ ಇಂಡಿಯಾ ಡಾಕ್ ರಸ್ತೆಯಲ್ಲಿ ಮೊದಲ ತಂಗುದಾಣ ತೆರೆಯಿತು. ಮುಂದೆ ಇಂಥ ಹಲವು ತಂಗುದಾಣಗಳಾದವು. ನಾಲ್ಕು ಪೆನ್ನಿ ಕೊಟ್ಟವರಿಗೆ ರಾತ್ರಿಯ ಊಟ, ಮಲಗಲು ಪೆಟ್ಟಿಗೆಯಂಥ ಹಾಸಿಗೆ, ಬೆಳಗಿನ ಉಪಾಹಾರ. ಕಾಸಿಲ್ಲದವರು ಕಟ್ಟಿಗೆ ಒಡೆಯುವಂಥ ಕೆಲಸ ಮಾಡಿ ಋಣ ತೀರಿಸಬಹುದು. ಬಿಟ್ಟಿ ಕೊಡುವುದು ಮನುಷ್ಯನ ಸ್ವಾಭಿಮಾನವನ್ನು ತಿನ್ನುತ್ತದೆ ಎಂಬುದು ಬೂತ್ ಅವರ ದೃಢ ಅಭಿಪ್ರಾಯ. ಊಟವಾದ ಬಳಿಕ ಹಾಡು, ಪ್ರಾರ್ಥನೆ, ಸಾಕ್ಷ್ಯದ ಸಭೆ ನಡೆಯುತ್ತಿತ್ತು. ನಿನ್ನೆಯವರೆಗೆ ಅದೇ ಹಾಸಿಗೆಯಲ್ಲಿ ಮಲಗಿ ಎದ್ದುಹೋದವನೇ ಇಂದು ವೇದಿಕೆಯಲ್ಲಿ ನಿಂತು ತನ್ನ ಕಥೆ ಹೇಳುತ್ತಿದ್ದುದೂ ಉಂಟು.

ಇದೇ ಫೆಬ್ರವರಿಯಲ್ಲಿ ಬೂತ್ ಅವರ ಮನೆಗೆ ಸಿಡಿಲು ಬಡಿಯಿತು. ಕ್ಯಾಥರೀನ್ ಅವರಿಗೆ ಸ್ತನ ಕ್ಯಾನ್ಸರ್ ಇರುವುದನ್ನು ವೈದ್ಯರು ಖಚಿತಪಡಿಸಿದರು. ಅವರು ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ನೋವು ಹೆಚ್ಚುತ್ತಿದ್ದ ಎರಡೂವರೆ ವರ್ಷ, ಒಂದು ಕಡೆ ಹೆಂಡತಿಯ ಹಾಸಿಗೆ, ಇನ್ನೊಂದು ಕಡೆ ಬರವಣಿಗೆಯ ಮೇಜು, ಇವೆರಡರ ನಡುವೆ ಬೂತ್ ಅವರ ದಿನಗಳು ಹಂಚಿಹೋದವು. 1890ರ ಅಕ್ಟೋಬರ್ 4ರಂದು ಕ್ಯಾಥರೀನ್ ತೀರಿಕೊಂಡರು. ಅದೇ ತಿಂಗಳು ಬೂತ್ ಅವರ ಪ್ರಸಿದ್ಧ ಗ್ರಂಥ ‘ಇನ್ ಡಾರ್ಕೆಸ್ಟ್ ಇಂಗ್ಲೆಂಡ್ ಅಂಡ್ ದ ವೇ ಔಟ್’ ಹೊರಬಂತು.

ಕಗ್ಗತ್ತಲ ಇಂಗ್ಲೆಂಡ್

ಹೆನ್ರಿ ಸ್ಟ್ಯಾನ್ಲಿ ಅವರ ಆಫ್ರಿಕಾ ಪ್ರವಾಸದ ಕಥೆಯನ್ನು ಇಂಗ್ಲೆಂಡ್ ಆಗ ಬೆರಗಿನಿಂದ ಓದುತ್ತಿತ್ತು. ಕಗ್ಗತ್ತಲ ಖಂಡವನ್ನು ಹುಡುಕಿ ಅಷ್ಟು ದೂರ ಹೋಗಬೇಕಿಲ್ಲ, ಅದು ಲಂಡನ್ನಿನ ಚರ್ಚುಗಳಿಗೂ ಅರಮನೆಗಳಿಗೂ ಕಲ್ಲೆಸೆತದ ದೂರದಲ್ಲೇ ಇದೆ ಎಂಬುದು ಬೂತ್ ಅವರ ವಾದ. ಬರವಣಿಗೆಯಲ್ಲಿ ಅವರಿಗೆ ನೆರವಾದವರು ಪತ್ರಕರ್ತ ಡಬ್ಲ್ಯು.ಟಿ. ಸ್ಟೆಡ್. ದೇಶದ ಜನಸಂಖ್ಯೆಯ ಹತ್ತನೇ ಒಂದು ಭಾಗ, ಅಂದರೆ ಸುಮಾರು 30 ಲಕ್ಷ ಮಂದಿ, ಬಡತನದಲ್ಲಿ ಮುಳುಗಿಹೋಗಿದ್ದಾರೆಂದು ಪುಸ್ತಕ ಲೆಕ್ಕ ಹಾಕಿತು. ಲಂಡನ್ನಿನ ಬಾಡಿಗೆ ಗಾಡಿಯ ಕುದುರೆಗೆ ಬಿದ್ದಾಗ ಎತ್ತುವವರಿರುತ್ತಾರೆ. ಬದುಕಿರುವಷ್ಟು ದಿನ ಅದಕ್ಕೆ ಮೇವು, ಲಾಯ, ಕೆಲಸ ಇರುತ್ತದೆ. ಮನುಷ್ಯನಿಗೆ ಕನಿಷ್ಠ ಅಷ್ಟಾದರೂ ಸಿಗಲಿ ಎಂಬುದೇ ಗ್ರಂಥದ ತಿರುಳು.

ಅದಕ್ಕಾಗಿ ಬೂತ್ ಮೂರು ಮೆಟ್ಟಿಲುಗಳ ಯೋಜನೆ ಮುಂದಿಟ್ಟರು. ಮೊದಲನೆಯದು ನಗರದಲ್ಲಿ ಆಶ್ರಯ ಮತ್ತು ದುಡಿಮೆ, ಎರಡನೆಯದು ಹಳ್ಳಿಯಲ್ಲಿ ಬೇಸಾಯದ ವಸಾಹತು, ಮೂರನೆಯದು ಸಾಗರದಾಚೆ ಹೊಸ ನೆಲೆ. ಒಂದು ಲಕ್ಷ ಪೌಂಡ್ ನಿಧಿ ಬೇಕೆಂದು ಕೇಳಿದರು. ಕೆಲವೇ ತಿಂಗಳಲ್ಲಿ ಅದು ಕೂಡಿಬಂತು. ಪುಸ್ತಕದ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. 1891ರಲ್ಲಿ ಎಸೆಕ್ಸ್‌ನ ಹ್ಯಾಡ್ಲೀಯಲ್ಲಿ ಬೇಸಾಯದ ವಸಾಹತು ಆರಂಭವಾಯಿತು. ಕೆಲಸ ಕೊಡಿಸುವ ಕಚೇರಿ, ಕಾಣೆಯಾದವರನ್ನು ಹುಡುಕಿಕೊಡುವ ವಿಭಾಗ ಕೆಲಸ ಮಾಡತೊಡಗಿದವು. ಬ್ರಿಟನ್ ಸರ್ಕಾರ ಉದ್ಯೋಗ ವಿನಿಮಯ ಕಚೇರಿಗಳಿಗಾಗಿ ಕಾಯ್ದೆ ಮಾಡಿದ್ದು 1909ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.

ಅದೇ 1891ರಲ್ಲಿ ಓಲ್ಡ್ ಫೋರ್ಡ್‌ನಲ್ಲಿ ತೆರೆದ ಬೆಂಕಿಪೆಟ್ಟಿಗೆ ಕಾರ್ಖಾನೆಯ ಕಥೆ ವಿಶಿಷ್ಟವಾದದ್ದು. ಆಗ ಅಗ್ಗದ ಬೆಂಕಿಕಡ್ಡಿಗೆ ಬಿಳಿ ರಂಜಕ ಬಳಸುತ್ತಿದ್ದರು. ಅದರ ಹೊಗೆ ಕೆಲಸಗಾರ ಹೆಂಗಸರ ದವಡೆಯ ಮೂಳೆಯನ್ನೇ ಕೊಳೆಯಿಸುತ್ತಿತ್ತು. ಬೂತ್ ಅವರ ಕಾರ್ಖಾನೆ ಅಪಾಯವಿಲ್ಲದ ಕೆಂಪು ರಂಜಕ ಬಳಸಿತು. ಇತರೆಡೆ ಹನ್ನೆರಡು ಡಜನ್ ಪೆಟ್ಟಿಗೆಗೆ ಎರಡೂವರೆ ಪೆನ್ನಿಯ ಆಸುಪಾಸು ಕೂಲಿಯಿದ್ದಾಗ ನಾಲ್ಕು ಪೆನ್ನಿ ಕೊಟ್ಟಿತು. ಬೆಲೆ ಹೆಚ್ಚಾದ ಕಾರಣ ವ್ಯಾಪಾರ ಕುದುರದೆ 1901ರ ಹೊತ್ತಿಗೆ ಕಾರ್ಖಾನೆ ಮುಚ್ಚಿತು. ಅಷ್ಟರಲ್ಲಿ ಅದು ಎಬ್ಬಿಸಿದ ಪ್ರಶ್ನೆ ದೊಡ್ಡ ಕಂಪನಿಗಳನ್ನೂ ತಟ್ಟಿತ್ತು. 1908ರ ಕಾಯ್ದೆಯ ಮೂಲಕ ಬ್ರಿಟನ್ ಬಿಳಿ ರಂಜಕದ ಬಳಕೆಯನ್ನೇ ನಿಷೇಧಿಸಿತು.

ಟೀಕೆಗಳೇನೂ ಕಡಿಮೆ ಇರಲಿಲ್ಲ. ವಿಜ್ಞಾನಿ ಟಿ.ಎಚ್. ಹಕ್ಸ್ಲಿ ಅವರು ‘ದ ಟೈಮ್ಸ್’ ಪತ್ರಿಕೆಗೆ ಸಾಲುಸಾಲು ಪತ್ರ ಬರೆದು, ಒಬ್ಬನೇ ವ್ಯಕ್ತಿಯ ಅಂಕೆಯಲ್ಲಿರುವ, ಪ್ರಶ್ನಿಸದೆ ಪಾಲಿಸುವ ಸಂಘಟನೆಗೆ ಇಷ್ಟು ಹಣ ಒಪ್ಪಿಸುವುದು ಅಪಾಯವೆಂದು ಎಚ್ಚರಿಸಿದರು. ನಿಧಿಯ ಲೆಕ್ಕ ಪರಿಶೀಲಿಸಿದ ಸ್ವತಂತ್ರ ಸಮಿತಿಯೊಂದು 1892ರಲ್ಲಿ ಹಣ ದುರುಪಯೋಗವಾಗಿಲ್ಲವೆಂದು ವರದಿ ಕೊಟ್ಟಿತು. ಆದರೆ ಅಧಿಕಾರವೆಲ್ಲ ಒಬ್ಬರಲ್ಲೇ ಇದೆಯೆಂಬ ಹಕ್ಸ್ಲಿ ಅವರ ಆಕ್ಷೇಪವನ್ನು ಯಾವ ಲೆಕ್ಕಪರಿಶೋಧನೆಯೂ ಅಳಿಸಲಾರದು.

ಕಾವಿಯುಟ್ಟ ಆಂಗ್ಲರು

ಸಂಸ್ಥೆ ಭಾರತಕ್ಕೆ ಬಂದದ್ದು 1882ರ ಸೆಪ್ಟೆಂಬರ್ 19ರಂದು. ಐಸಿಎಸ್ ಹುದ್ದೆಯನ್ನು ಬಿಟ್ಟು ಬೂತ್ ಅವರನ್ನು ಸೇರಿದ್ದ ಫ್ರೆಡರಿಕ್ ಟಕ್ಕರ್ ನೇತೃತ್ವದ ಪುಟ್ಟ ತಂಡ ಅಂದು ಮುಂಬಯಿಯಲ್ಲಿ ಇಳಿಯಿತು. ಕಾವಿ ಬಟ್ಟೆ, ಬರಿಗಾಲು, ಭಿಕ್ಷೆಯ ಊಟ. ಟಕ್ಕರ್ ಫಕೀರ್ ಸಿಂಗ್ ಎಂಬ ಹೆಸರನ್ನೂ ಇಟ್ಟುಕೊಂಡರು. ಆಳುವ ಬಿಳಿಯರು ಬೀದಿಯಲ್ಲಿ ಹೀಗೆ ತಿರುಗುವುದು ಸರ್ಕಾರಕ್ಕೆ ಮುಜುಗರವಾಗಿ, ಮೆರವಣಿಗೆಗಳಿಗಾಗಿ ಬಂಧನಗಳೂ ಆದವು. 1888ರಲ್ಲಿ ಟಕ್ಕರ್ ಬೂತ್ ಅವರ ಮಗಳು ಎಮ್ಮಾ ಅವರನ್ನು ಮದುವೆಯಾದರು. ಸ್ವತಃ ಬೂತ್ ಅವರು 1891-92ರ ಪ್ರವಾಸದಲ್ಲಿ ಭಾರತಕ್ಕೆ ಬಂದರು, ಅನಂತರವೂ ಬಂದುಹೋದರು. ನಾಗರಕೋಯಿಲ್‌ನಲ್ಲಿ ಇಂದಿಗೂ ಕ್ಯಾಥರೀನ್ ಬೂತ್ ಅವರ ಹೆಸರಿನ ಆಸ್ಪತ್ರೆಯಿದೆ.

ಈ ಅಧ್ಯಾಯಕ್ಕೆ ನೆರಳಿನ ಬದಿಯೂ ಉಂಟು. 1871ರ ಕಾಯ್ದೆಯ ಮೂಲಕ ಬ್ರಿಟಿಷ್ ಸರ್ಕಾರ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿಮಾಡಿತ್ತು. ಅಂಥವರನ್ನು ಕೂಡಿಹಾಕಿದ ವಸಾಹತುಗಳನ್ನು ನಡೆಸುವ ಹೊಣೆಯನ್ನು 1908ರಿಂದ ಸಾಲ್ವೇಷನ್ ಆರ್ಮಿ ವಹಿಸಿಕೊಂಡಿತು. ಬೂತ್ ತೀರಿಕೊಂಡ ಮರುವರ್ಷ ಆರಂಭವಾದ ಆಂಧ್ರದ ಸ್ಟುವರ್ಟ್‌ಪುರಂ ಅವುಗಳಲ್ಲಿ ಹೆಸರಾದದ್ದು. ಹ್ಯಾಡ್ಲೀಗೆ ನಿರ್ಗತಿಕರು ತಾವಾಗಿ ಬಂದರು. ಇಲ್ಲಿನವರಿಗೆ ಹೊರಹೋಗುವ ಸ್ವಾತಂತ್ರ್ಯವಿರಲಿಲ್ಲ. ಲಂಡನ್ನಿನಲ್ಲಿ ಕರುಣೆಯಾಗಿದ್ದ ಯೋಜನೆ ವಸಾಹತುಶಾಹಿಯ ಕೈಯಲ್ಲಿ ಕಾವಲಾಗಿ ಮಾರ್ಪಟ್ಟಿತು. ಆ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯಾನಂತರ, 1952ರಲ್ಲಿ.

ಮನೆಯೊಳಗಿನ ಬಿರುಕು

ಸೂರಿಲ್ಲದವರಿಗೆ ಮನೆ ಕಟ್ಟಿಕೊಟ್ಟ ವ್ಯಕ್ತಿಯ ಸ್ವಂತ ಮನೆ ಕೊನೆಗಾಲದಲ್ಲಿ ಒಡೆಯಿತು. ಎಂಟು ಮಕ್ಕಳಲ್ಲಿ ಬಹುತೇಕರು ಸೇನೆಯ ಅಧಿಕಾರಿಗಳಾಗಿದ್ದರು. ಅವರ ಪಾಲಿಗೆ ಬೂತ್ ಮೊದಲು ಜನರಲ್, ಅನಂತರ ತಂದೆ. ಅಮೆರಿಕದ ಹೊಣೆ ಹೊತ್ತಿದ್ದ ಬ್ಯಾಲಿಂಗ್ಟನ್ ವರ್ಗಾವಣೆಯ ಆದೇಶ ಒಪ್ಪದೆ 1896ರಲ್ಲಿ ಹೊರನಡೆದು ಬೇರೆ ಸಂಸ್ಥೆ ಕಟ್ಟಿದರು. 1902ರಲ್ಲಿ ಹರ್ಬರ್ಟ್ ಮತ್ತು ಹಿರಿಯ ಮಗಳು ಕೇಟ್ ದೂರವಾದರು. 1903ರಲ್ಲಿ ಎಮ್ಮಾ ಅಮೆರಿಕದಲ್ಲಿ ರೈಲು ಅಪಘಾತಕ್ಕೆ ಬಲಿಯಾದರು. ಯಾವ ಕುಡುಕನಿಗೂ ಬಾಗಿಲು ತೆರೆಯುತ್ತಿದ್ದ ಬೂತ್, ಸೇನೆ ತೊರೆದ ಮಕ್ಕಳ ವಿಷಯದಲ್ಲಿ ಮಾತ್ರ ಶಿಸ್ತನ್ನು ಸಡಿಲಿಸಲಿಲ್ಲ.

ದುಃಖವನ್ನು ಅವರು ಪ್ರಯಾಣದಲ್ಲಿ ಮರೆತರೆನ್ನಬೇಕು. 1904ರಲ್ಲಿ, 75ನೇ ವಯಸ್ಸಿನಲ್ಲಿ, ಹೊಸದಾಗಿ ಬಂದಿದ್ದ ಮೋಟಾರು ಕಾರನ್ನೇರಿ ಬ್ರಿಟನ್ನಿನ ದಕ್ಷಿಣದ ತುದಿಯಿಂದ ಸ್ಕಾಟ್ಲೆಂಡಿನ ಅಬರ್ಡೀನ್‌ವರೆಗೆ 29 ದಿನಗಳಲ್ಲಿ 1,200 ಮೈಲಿಗೂ ಹೆಚ್ಚು ದೂರ ಕ್ರಮಿಸಿದರು. ದಾರಿಯುದ್ದಕ್ಕೂ ಹಳ್ಳಿ-ಪಟ್ಟಣಗಳಲ್ಲಿ ಸಭೆಗಳು. ಅದೇ ವರ್ಷ ದೊರೆ ಏಳನೇ ಎಡ್ವರ್ಡ್ ಅರಮನೆಗೆ ಕರೆಸಿಕೊಂಡರು. 1905ರಲ್ಲಿ ಲಂಡನ್ ನಗರದ ಪೌರಸನ್ಮಾನ, 1907ರಲ್ಲಿ ಆಕ್ಸ್‌ಫರ್ಡ್‌ನ ಗೌರವ ಡಾಕ್ಟರೇಟ್ ಬಂದವು. ಅದೇ ವರ್ಷ ಜಪಾನಿಗೆ ಹೋಗಿ ಚಕ್ರವರ್ತಿ ಮೇಜಿಯವರನ್ನು ಕಂಡರು. ಒಮ್ಮೆ ಕಲ್ಲೆಸೆದಿದ್ದ ದೇಶ ಈಗ ಹೂವೆಸೆಯುತ್ತಿತ್ತು. ಸಸ್ಯಾಹಾರದ ಸರಳ ಊಟ ಮಾತ್ರ ಬದಲಾಗಲಿಲ್ಲ.

ಕೊನೆಯ ಪಯಣ

ಕಣ್ಣುಗಳು ಅವರಿಗೆ ಕೈಕೊಟ್ಟವು. ಶಸ್ತ್ರಚಿಕಿತ್ಸೆ ಫಲಿಸದೆ ಬಲಗಣ್ಣನ್ನು ಆಗಲೇ ಕಳೆದುಕೊಂಡಿದ್ದರು. 1912ರ ಮೇ 9ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಕೊನೆಯ ಸಾರ್ವಜನಿಕ ಭಾಷಣ ಮಾಡಿದರು. ಆ ತಿಂಗಳೇ ಎಡಗಣ್ಣಿಗೂ ಶಸ್ತ್ರಚಿಕಿತ್ಸೆಯಾಗಿ, ಸೋಂಕು ತಗುಲಿ ದೃಷ್ಟಿ ಪೂರ್ಣ ಹೋಯಿತು. ಆಗಸ್ಟ್ 20ರಂದು ಬೂತ್ ಕೊನೆಯುಸಿರೆಳೆದರು. ಅವರ ಸೇನೆ ಆ ಹೊತ್ತಿಗೆ 58 ದೇಶ ಮತ್ತು ವಸಾಹತುಗಳಲ್ಲಿ ನೆಲೆಯೂರಿತ್ತು.

ಸುಮಾರು ಒಂದೂವರೆ ಲಕ್ಷ ಜನ ಸಾಲುಗಟ್ಟಿ ಅಂತಿಮ ದರ್ಶನ ಪಡೆದರು. ಒಲಿಂಪಿಯಾ ಸಭಾಂಗಣದಲ್ಲಿ ನಡೆದ ಶ್ರದ್ಧಾಂಜಲಿ ಸಭೆಗೆ ರಾಣಿ ಮೇರಿ ಮುನ್ಸೂಚನೆಯಿಲ್ಲದೆ ಬಂದು ಜನಸಾಮಾನ್ಯರ ನಡುವೆ ಕುಳಿತರು. ಹಿಂಬಾಗಿಲಿನಿಂದ ಬರಬೇಕೆಂದು ಒಮ್ಮೆ ಹೇಳಿಸಿಕೊಂಡ ಕೇರಿಯ ಜನರಿಗೆ ಆ ದಿನ ರಾಣಿಯ ಪಕ್ಕದಲ್ಲೇ ಆಸನವಿತ್ತು. ಆಬ್ನಿ ಪಾರ್ಕ್ ಸ್ಮಶಾನದಲ್ಲಿ ಕ್ಯಾಥರೀನ್ ಅವರ ಸಮಾಧಿಯ ಬಳಿಯೇ ಬೂತ್ ಅವರನ್ನು ಮಣ್ಣುಮಾಡಲಾಯಿತು.

1887ರ ಆ ರಾತ್ರಿ ಬೂತ್ ದಾಟಿದ ಕಲ್ಲಿನ ಸೇತುವೆ ಈಗ ಲಂಡನ್ನಿನಲ್ಲಿಲ್ಲ. 1968ರಲ್ಲಿ ಅದನ್ನು ಮಾರಲಾಯಿತು. ಕಲ್ಲುಗಳಿಗೆ ಸಂಖ್ಯೆ ಬರೆದು, ಬಿಚ್ಚಿ, ಅಮೆರಿಕದ ಅರಿಜೋನಾಕ್ಕೆ ಸಾಗಿಸಿ ಮತ್ತೆ ಜೋಡಿಸಲಾಗಿದೆ. ಪ್ರವಾಸಿಗರು ಅಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಬಯಲಿನಲ್ಲಿ ಮಲಗುವವರು ಮಾತ್ರ ಲಂಡನ್ನಿನಲ್ಲೇ ಉಳಿದಿದ್ದಾರೆ. ಚಳಿಗಾಲದ ರಾತ್ರಿಗಳಲ್ಲಿ ಅವರನ್ನು ಹುಡುಕಿಕೊಂಡು ಬರುವವರಲ್ಲಿ ಬೂತ್ ಕಟ್ಟಿದ ಸೇನೆಯವರೂ ಇದ್ದಾರೆ.